ಎರಡು ಸುತ್ತು ಬೀಗ

ಈ ಮನುಷ್ಯ ಪ್ರವಾಸಿಯಲ್ಲ. ಬೂಟು ನೋಡಿದ ಕೂಡಲೇ ಒಡಿಲಿಯಾ ಥೀಸೆನ್‌ಗೆ ಗೊತ್ತಾಯಿತು. ಜರ್ಮನಿಯ ಮೋಸೆಲ್ ನದಿಯ ದಡದಿಂದ ರಾಬೆನ್‌ಲೈ ಕೋಟೆಗೆ ದ್ರಾಕ್ಷಿ ತೋಟಗಳ ನಡುವೆ ಮುನ್ನೂರು ಮೆಟ್ಟಿಲು. ಹತ್ತುವವರು ಮಣ್ಣು ಮೆತ್ತಿದ ದಪ್ಪ ಬೂಟಿನಲ್ಲಿ ಬರುತ್ತಾರೆ. ಇವನದು ಆಫೀಸಿನ ಕರಿ ಬೂಟು, ಮುಖ ನೋಡಿಕೊಳ್ಳುವಷ್ಟು ಹೊಳಪು.

"ಕೋಟೆ ಕೀಲಿಕೈ ಇಲ್ಲಿ ಸಿಗುತ್ತಂತಲ್ಲ ಅಮ್ಮಾವ್ರೇ?"

"ಮೆಟ್ಟಿಲ ಬುಡದ ಬೋರ್ಡಿನಲ್ಲೇ ಬರೆದಿದೆಯಲ್ಲಪ್ಪ. ಗುರುತಿನ ಚೀಟಿ ಇಟ್ಟು ಹೋಗಿ. ಕೀಲಿಕೈ ವಾಪಸ್ ಕೊಟ್ಟಾಗ ಚೀಟಿ ವಾಪಸ್."

ಬೋರ್ಡಿನಲ್ಲಿ ಬರೆದದ್ದನ್ನು ಮೀರುವವರು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಕೀಲಿಕೈ ಇಲ್ಲದೆ ಒಂದು ಮೆಟ್ಟಿಲೂ ಹತ್ತದ ಜನ. ಅವನೂ ಒಂದು ಕ್ಷಣ ಹಿಂಜರಿದು ಚೀಟಿ ಕೊಟ್ಟ. ಫೋಲ್ಕರ್ ಬ್ರಾಮ್. ಒಡಿಲಿಯಾ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದಳು. ಓಹೋ, ಬಂದೆಯಾ ಮಹರಾಯ!

ಹೋದ ವಾರ ಸ್ಮಾರಕಗಳ ಕಚೇರಿಯಿಂದ ಬಂದ ಪತ್ರದ ಅಡಿಯಲ್ಲಿ ಇದೇ ಹೆಸರಿತ್ತು. 'ತಮಗೆ ಎಂಬತ್ತೊಂದು ವರ್ಷವಾಗಿದೆ. ಬಾಗಿಲು, ಬೀಗ, ಕೀಲಿಕೈಯಲ್ಲಿ ಯಾವುದೇ ಲೋಪ ಕಂಡುಬಂದಲ್ಲಿ ಕೀಲಿಕೈಯನ್ನು ತಮ್ಮಿಂದ ಹಿಂಪಡೆದು, ಅಂಕಿ ಒತ್ತಿ ತೆರೆಯುವ ಬೀಗ ಅಳವಡಿಸಲಾಗುವುದು.' ಲೋಪ ಹುಡುಕಲು ಸಾಹೇಬರು ವೇಷ ಮರೆಸಿಕೊಂಡು ತಾವೇ ದಯಮಾಡಿಸಿದ್ದರು. ಹೆಗಲ ಚೀಲದಲ್ಲಿ ಹೊಸ ಬೀಗದ ಪೆಟ್ಟಿಗೆ ಇಣುಕುತ್ತಿತ್ತು.

ಹೋದರೆ ಹೋಗಲಿ ಎಂದು ಬಿಡುವ ಕೀಲಿಕೈ ಅಲ್ಲ ಅದು. ಗಂಡ ಯುಪ್ ತೀರಿಕೊಂಡು ಒಂಬತ್ತು ವರ್ಷ. ಆಮೇಲೆ ಅವಳ ಮನೆಗೆ ಯಾರಾದರೂ ಬಂದಿದ್ದರೆ ಕೀಲಿಕೈಗಾಗಿಯೇ. ಬಂದವರು ಕೂರುತ್ತಿದ್ದರು, ಕೇಕು ತಿನ್ನುತ್ತಿದ್ದರು, ಮಕ್ಕಳ ಫೋಟೋ ತೋರಿಸುತ್ತಿದ್ದರು. ಕೀಲಿಕೈ ಹೋದರೆ ಅವಳೊಂದಿಗೆ ಮಾತಾಡಲು ಗಡಿಯಾರವೊಂದೇ ಉಳಿಯುತ್ತಿತ್ತು. ಮಂಡಿ ನೋವಿನಿಂದ ಮೇಲೆ ಹೋಗುವುದು ನಿಂತು ಎಷ್ಟೋ ಕಾಲವಾಗಿತ್ತು. "ನಾನು ಕೋಟೆಗೆ ಹೋಗದಿದ್ರೇನು, ಕೋಟೆಯೇ ನಮ್ಮನೆಗೆ ಬಂದಿದೆ" ಎಂದು ಬೇಕರಿಯವಳ ಹತ್ತಿರ ನಗುತ್ತಿದ್ದಳು.

"ಪುಸ್ತಕದಲ್ಲಿ ಹೆಸರು ಬರೀಬೇಕು, ಕೂತ್ಕೊಳ್ಳಿ."

ಕಸೂತಿ ಬಟ್ಟೆ ಹೊದಿಸಿದ ಮೇಜಿನ ಮುಂದೆ ಕೂರುವಾಗ ಬ್ರಾಮನ ಮೊಣಕಾಲು ಯಾವುದೋ ಕಬ್ಬಿಣಕ್ಕೆ ಬಡಿಯಿತು.

"ಅಯ್ಯಪ್ಪಾ! ಆನೆ ಹತ್ತಿ ಕುಣಿದ್ರೂ ಅಲ್ಲಾಡಲ್ಲ ನಿಮ್ಮ ಮೇಜು."

"ನಮ್ಮ ಯಜಮಾನ್ರು ಮಾಡಿದ್ದು. ಅಂದ್ರೆ, ಕಾಲು ಮಾತ್ರ. ಹಲಗೆ ಹಳೇದು."

ಅವನು ಪುಸ್ತಕದ ಹಾಳೆ ತಿರುವಿದ. ಸ್ಟುಟ್‌ಗಾರ್ಟಿನ ಮೇಷ್ಟರು, ಹಾಲೆಂಡಿನ ದಂಪತಿ, ಚರ್ಚಿನ ಹಾಡುಗಾರರ ತಂಡ, ಎಲ್ಲರೂ ಒಂದೇ ಮಾತು ಬರೆದಿದ್ದರು: ಬೀಗ ಬೆಣ್ಣೆಯಂತೆ ತಿರುಗಿತು, ಎರಡು ಸುತ್ತು ಹಾಕಿ ಬಂದಿದ್ದೇವೆ. ಬ್ರಾಮ್ ತುಟಿ ಕಚ್ಚಿಕೊಂಡ. ಲೋಪದ ಸುಳಿವೇ ಇಲ್ಲ.

ಒಡಿಲಿಯಾ ಗೇಣುದ್ದದ ಕೀಲಿಕೈ ಅವನ ಕೈಗಿಟ್ಟಳು. ಎಣ್ಣೆ ಉಂಡು ಮಿರಮಿರ ಮಿಂಚುತ್ತಿತ್ತು. "ಬರುವಾಗ ಎರಡು ಸುತ್ತು ಬೀಗ ಹಾಕ್ಬೇಕು. ಮರೆತ್ರೆ ಆಡುಗಳು ನುಗ್ಗಿ ಬಾವಿಗೆ ಬೀಳ್ತವೆ. ಆಮೇಲೆ ಆ ಪಾಪ ನಿಮ್ಮ ತಲೆಗೇ!"

ಅವನು ಹೋದ. ಅವನು ಮೆಟ್ಟಿಲು ಹತ್ತುವುದನ್ನು ಅವಳು ಕಿಟಕಿಯಿಂದ ನೋಡಿದಳು. ಪ್ರವಾಸಿಗಳ ಮಾತು ಬೇರೆ, ಅವರು ಒಳ್ಳೆಯವರು. ಇವನು ಕಚೇರಿಯವನು. ಅವಳು ಕಪಾಟಿನಿಂದ ಬಿಸ್ಕತ್ತಿನ ಹಳೆ ಡಬ್ಬಿ ಇಳಿಸಿ ಪಕ್ಕದಲ್ಲಿಟ್ಟುಕೊಂಡು ಕಾದಳು.

ಒಂದು ಗಂಟೆಯ ಮೇಲೆ ಬ್ರಾಮ್ ಇಳಿದು ಬಂದ. ಬೂಟು ಹಾಳಾಗಿತ್ತು. ಹೊಸ ಬೀಗದ ಪೆಟ್ಟಿಗೆ ಒಡೆಯದೆ ಹಾಗೇ ಇತ್ತು. ಮುಖದಲ್ಲಿ ಮಾತ್ರ ಗೆದ್ದ ಕಳೆ.

"ಅಮ್ಮಾವ್ರೇ, ನಾನು ಪ್ರವಾಸಿ ಅಲ್ಲ. ಕಚೇರಿಯಿಂದ ಬಂದೋನು. ಆ ಬಾಗಿಲಿನ ವಿಷಯ..."

"ಗೊತ್ತು ಬ್ರಾಮ್ ಸಾಹೇಬ್ರೇ. ಮೊದ್ಲು ಪ್ಲಮ್ ಕೇಕು ತಿನ್ನಿ, ಬೆಳಿಗ್ಗೆ ಮಾಡಿದ್ದು."

ಅವನು ಒಂದು ತುಂಡು ಬಾಯಿಗಿಟ್ಟ. ಅವಳು ಡಬ್ಬಿಯಿಂದ ಕಾಗದಗಳನ್ನು ತೆಗೆದು ತಟ್ಟೆಯ ಸುತ್ತ ಹರಡಿದಳು. ವರ್ಷಕ್ಕೊಂದರಂತೆ ಕಚೇರಿಯಿಂದ ಬಂದ ಪ್ರಮಾಣಪತ್ರಗಳು. 'ಸ್ಥಳಕ್ಕೆ ಭೇಟಿ ನೀಡಿ ಪರಿಶೀಲಿಸಲಾಗಿದೆ. ಬಾಗಿಲು, ಬೀಗ ಸುಸ್ಥಿತಿಯಲ್ಲಿವೆ.' ಕಳೆದ ನಾಲ್ಕರಲ್ಲಿ ಫೋಲ್ಕರ್ ಬ್ರಾಮನ ರುಜು. ಕೊನೆಯದು ಈ ಏಪ್ರಿಲ್‌ನದು.

"ನಾಲ್ಕು ವರ್ಷದಿಂದ ನೀವೇ ಬಂದು ಪರೀಕ್ಷೆ ಮಾಡಿದೀರಂತೆ. ಕೀಲಿಕೈ ಕೇಳೋಕೆ ಮಾತ್ರ ಒಂದ್ಸಲಾನೂ ನಮ್ಮನೆಗೆ ಬಂದಿಲ್ಲ ನೋಡಿ. ಏನೋ, ನಂಗೇ ಮರೆವಿರಬೇಕು. ವಯಸ್ಸಾಯ್ತಲ್ಲ!"

ಕೇಕು ಬ್ರಾಮನ ಗಂಟಲಲ್ಲಿ ಸಿಕ್ಕಿಕೊಂಡಿತು. ಅವಳು ನೀರು ಕೊಟ್ಟಳು.

"ಏನೋ ಹೇಳ್ತಿದ್ರಿ. ಬಾಗಿಲಿನ ವಿಷಯ?"

ಅವನು ಮೇಜಿಗೆ ಎರಡೂ ಮೊಣಕೈ ಊರಿ ಬೆವರು ಒರೆಸಿಕೊಂಡ. "ಬಾಗಿಲು... ಭದ್ರವಾಗಿದೆ. ಅಂಥ ಬಾಗಿಲು ಈಗ ಎಲ್ಲಿ ಸಿಗುತ್ತೆ ಹೇಳಿ."

"ಮತ್ತೆ ಹೊಸ ಬೀಗ?"

"ಅದರ ಅಗತ್ಯ ಇಲ್ಲ. ಕೀಲಿಕೈ ನಿಮ್ಹತ್ರಾನೇ ಇರ್ಲಿ."

"ಎರಡು ಸುತ್ತು ಹಾಕಿದ್ರಾ?"

ಬ್ರಾಮ್ ತಲೆ ತಗ್ಗಿಸಿ ತನ್ನ ಬೂಟು ನೋಡಿಕೊಂಡ. "ಹಾಕ್ದೆ. ಎರಡು ಸುತ್ತು." ಕೇಳದೆಯೇ ಪುಸ್ತಕ ಎಳೆದುಕೊಂಡು, ಬೀಗ ಬೆಣ್ಣೆಯಂತೆ ತಿರುಗುತ್ತದೆ ಎಂದು ಬರೆದು ರುಜು ಮಾಡಿದ.

ಅವನ ಕಾರು ತಿರುವು ದಾಟಿದ ಮೇಲೆ ಒಡಿಲಿಯಾ ಕಣ್ಣೊರೆಸಿಕೊಂಡಳು. ಅಬ್ಬಾ, ಬದುಕಿದೆ! ತಟ್ಟೆ ತೆಗೆದಳು, ಕಾಗದಗಳನ್ನು ಡಬ್ಬಿಗೆ ಸೇರಿಸಿದಳು, ಕಸೂತಿ ಬಟ್ಟೆ ಮಡಿಸಿದಳು. ಆಮೇಲೆ ದಿನದ ರೂಢಿಯಂತೆ ಕೀಲಿಕೈಗೆ ಎಣ್ಣೆ ಸವರಿ, ಮೇಜಿನ ಹಲಗೆಯ ಅಂಚಿನಲ್ಲಿದ್ದ ತೂತಿಗೆ ಹಾಕಿ, ಕಟಕ್ ಕಟಕ್ ಎಂದು ಎರಡು ಸುತ್ತು ತಿರುಗಿಸಿದಳು.

ಹನ್ನೊಂದು ವರ್ಷದ ಹಿಂದೆ ಬಿರುಗಾಳಿಗೆ ಕಳಚಿ ಬಿದ್ದ ಕೋಟೆಯ ಬಾಗಿಲನ್ನು ಯುಪ್ ದ್ರಾಕ್ಷಿ ಗಾಡಿಯಲ್ಲಿ ಮನೆಗೆ ತಂದು ನಾಲ್ಕು ಕಾಲು ಹಚ್ಚಿದ್ದ. ಬೀಗವನ್ನು ಮಾತ್ರ ಹಾಗೇ ಬಿಟ್ಟಿದ್ದ.