ಹತ್ತು ದಿನದ ಹಿಂದಿನ ರಿಪೋರ್ಟ್

"ಸೊಳ್ಳೆಗೆ ಡೆಂಗ್ಯೂ ಬಂದ್ರೆ ನಾವೇನು ಮಾಡೋದು? ಮನುಷ್ಯರಿಗೆ ಬರಲಿ, ಆಮೇಲೆ ಹೇಳುವಾ. ಈಗಲೇ ಹೇಳಿದ್ರೆ ಸುಮ್ನೆ ಗಲಾಟೆ," ಎಂದು ಲ್ಯಾಬಿನ ಮುಖ್ಯಸ್ಥ ದಯಾನಂದ ಸರ್ ರಿಪೋರ್ಟನ್ನು ಮತ್ತೆ ಡ್ರಾಯರಿಗೆ ತಳ್ಳಿದಾಗ ಸೌಜನ್ಯಳ ಮೈಯೆಲ್ಲ ಉರಿಯಿತು. ಕಳವಾ ಊರಿನ ಸಾಲುಮನೆಗಳ ಚಾಳಿನಲ್ಲಿ ಬಲೆ ಕಟ್ಟಿ ಆ ಸೊಳ್ಳೆಗಳನ್ನು ಹಿಡಿದು ತಂದವಳು ಅವಳು. ಲ್ಯಾಬಿನಲ್ಲಿ ಅವನ್ನು ಅರೆದು ಪರೀಕ್ಷಿಸಿ, ವೈರಸ್ ಇದೆಯೆಂದು ಬರೆದುಕೊಟ್ಟವಳೂ ಅವಳೇ. ಅದಾಗಿ ಹತ್ತು ದಿನವಾಗಿತ್ತು.

ಬಲೆ ಕಟ್ಟಲು ತನ್ನ ಮನೆಯ ಕಿಟಕಿ ಬಿಟ್ಟುಕೊಟ್ಟಿದ್ದ ಬಾಗಿಯಕ್ಕನಿಗೆ ಅವಳು ಸರ್ ಎದುರೇ ಫೋನ್ ಹಚ್ಚಿ, ಸ್ಪೀಕರ್ ಒತ್ತಿದಳು.

"ಫೋನ್ ಇಡು. ನೌಕರಿ ಹೋಗ್ತದೆ," ಎಂದರು ಸರ್.

"ಹೋಗ್ಲಿ," ಎಂದವಳೇ ಫೋನಿನಲ್ಲಿ ಹೇಳಿದಳು. "ಅಕ್ಕ, ನಿಮ್ಮ ಚಾಳಿನ ಸೊಳ್ಳೆಗಳಲ್ಲಿ ಡೆಂಗ್ಯೂ ಸಿಕ್ಕಿದೆ. ಡ್ರಮ್ಮಿನ ನೀರೆಲ್ಲ ಚೆಲ್ಲಿಸಿ. ಹತ್ತು ದಿನದಿಂದ ಇವರು ರಿಪೋರ್ಟ್ ಅಡಗಿಸಿಟ್ಟಿದ್ದಾರೆ."



"ನಮ್ಮ ಸಾಲಲ್ಲಿ ನಾಲ್ಕು ಮಂದಿ ಜ್ವರದಲ್ಲಿ ಬಿದ್ದಿದ್ದಾರೆ," ಎಂದಳು ಬಾಗಿಯಕ್ಕ. "ರಿಪೋರ್ಟ್ ಅಡಗಿಸಿಟ್ಟವರದ್ದು ಬಿಡು. ಮೊನ್ನೆ ನೀನು ನನ್ನ ಮನೇಲಿ ಕೂತು ಚಾ ಕುಡಿದು ಹೋದೆಯಲ್ಲ. ನೀನ್ಯಾಕೆ ಬಾಯಿ ಬಿಡ್ಲಿಲ್ಲ?"



"ಹೆದರಿದ್ದೆ, ಅಕ್ಕ," ಎಂದಳು ಸೌಜನ್ಯ.