ಐದು ಮನೆಯ ಕೌದಿ

ಹತ್ತನೆಯ ದಿನ ಬೆಳಿಗ್ಗೆ ಮಗುವಿನ ಮೈ ಕಾದ ಹೆಂಚಾಯಿತು. ಡಾಕ್ಟರು ಬಂದು ಔಷಧಿಯ ಹನಿ ಹಾಕಿ, "ಸಂಜೆವರೆಗೂ ನೋಡೋಣ" ಎಂದು ಹೋದರು. ತುಂಗಾ ಮಗುವನ್ನು ಎದೆಗೆತ್ತಿಕೊಂಡಳು. ಅದರ ತಲೆಯ ಕೆಳಗೆ ಯಾವಾಗಲೂ ಮುಚ್ಚಿಹೋಗಿರುತ್ತಿದ್ದ ಕೌದಿಯ ಮೂಲೆ ಆಗ ಶೇಷಗಿರಿಯ ಕಣ್ಣಿಗೆ ಬಿತ್ತು. ಹಳದಿ ಬಟ್ಟೆ, ಮೇಲೆ ಪುಟ್ಟ ಪುಟ್ಟ ಕೆಂಪು ಬಾತುಕೋಳಿ.

ಎರಡು ವರ್ಷದ ಹಿಂದೆ, ಹನ್ನೊಂದೇ ದಿನ ಬದುಕಿದ ಚೊಚ್ಚಲ ಮಗನನ್ನು ಆ ಬಟ್ಟೆಯ ಅಂಗಿಯಲ್ಲೇ ಹೆಬ್ಬಾಳದ ಕೆರೆಯಾಚೆ ಹೂತು ಬಂದಿದ್ದ. ಕೈಯಾರೆ ಮಣ್ಣು ಹಾಕಿದ್ದ. ನಾಳೆ ಈ ಮಗುವಿಗೂ ಹನ್ನೊಂದು ದಿನ.

ತಪ್ಪು ತನ್ನದೇ. ಕೂಸು ಕಳೆದುಕೊಂಡ ಮನೆಯಲ್ಲಿ ಮುಂದಿನ ಕೂಸು ನಿಲ್ಲಬೇಕಾದರೆ, ಮಕ್ಕಳಿಂದ ತುಂಬಿರುವ ಐದು ಮನೆಗಳಲ್ಲಿ ಹಳೆ ಬಟ್ಟೆ ಬೇಡಿ ತಂದು, ಕೌದಿ ಹೊಲಿಸಿ, ಅದರ ಮೇಲೆ ಮಲಗಿಸಬೇಕೆಂದು ತಾಯಿ ವೇದವತಮ್ಮ ಪಟ್ಟು ಹಿಡಿದಿದ್ದರು. ಬೇಡುವವನು ತಂದೆಯೇ ಆಗಬೇಕು. ಕಚೇರಿಯ ಗುಮಾಸ್ತ ಶೇಷಗಿರಿ ಆರ್.ಟಿ. ನಗರದಲ್ಲಿ ಒಂದು ಗೇಟಿನ ಮುಂದೆ ನಿಂತದ್ದುಂಟು. "ಹಳೇ..." ಎನ್ನುವಷ್ಟರಲ್ಲಿ ನಾಲಿಗೆ ತಡವರಿಸಿ, "ಹಳೇ ಪೇಪರ್ ಇದ್ಯಾ ಸಾರ್?" ಎಂದು ಕೇಳಿ, ಎರಡು ಪೇಪರು ಹಿಡಿದುಕೊಂಡು ವಾಪಸಾದ. ಅಲ್ಲಿಗೆ ಭಿಕ್ಷೆ ಮುಗಿಯಿತು.

ಹೆರಿಗೆಗೆ ಮುಂಚೆ ಒಂದು ಭಾನುವಾರ ಯಶವಂತಪುರದ ಸಂತೆಯಲ್ಲಿ ಅಮೀನಾ ಎಂಬಾಕೆ ನೆಲದ ಮೇಲೆ ರಾಶಿ ಹಾಕಿದ್ದ ಹಳೆಯ ಹೊದಿಕೆಗಳಲ್ಲಿ ಈ ಕೌದಿ ಸಿಕ್ಕಿತು. ಸವೆದ ಸೀರೆಯ ತುಂಡು, ಲಂಗದ ತುಂಡು, ಬೂದುಗೆರೆಯ ಷರಟಿನ ತುಂಡು. ಆ ಗೆರೆ ಎಲ್ಲೋ ನೋಡಿದಂತಿತ್ತು. ಅರ್ಧ ಬೆಂಗಳೂರೇ ಆಗ ಅಂಥ ಷರಟು ತೊಡುತ್ತಿತ್ತು ಬಿಡಿ. "ಬಟ್ಟೆ ಚಿಂದಿ ಇರ್ಬೋದು ಸಾರ್, ಹೊಲಿಗೆ ನೋಡಿ. ಯಾರೋ ತುಂಬಾ ತಾಳ್ಮೆಯೋಳು" ಎಂದಳು ಅಮೀನಾ. ಅವನು ಹೊಲಿಗೆ ನೋಡಲಿಲ್ಲ.

ಮನೆಯಲ್ಲಿ ತುಂಗಾ ಕೌದಿಯ ನಾಲ್ಕೂ ಮೂಲೆ ತಡವಿ, ಒಂದು ಮೂಲೆಯನ್ನು ಮುಖಕ್ಕೆ ಒತ್ತಿಕೊಂಡಳು.

"ಇದು ನಿಮಗೆಲ್ಲಿ ಸಿಕ್ತು?"

"ಐದು ಮನೆ ತಿರುಗಿದೀನಿ. ಪಿಳ್ಳಪ್ಪನ ಅಂಗಡೀಲಿ ಹೊಲಿಸ್ದೆ. ಸುಲಭ ಅಂದ್ಕೊಂಡ್ಯಾ?"

ಅವಳು ಬಾಗಿಲಲ್ಲಿ ಕೂತಿದ್ದ ಅತ್ತೆಯ ಕಡೆ ಒಮ್ಮೆ ನೋಡಿ, "ಹೂಂ, ಐದು ಮನೆ" ಎಂದಳು. ಆಮೇಲೆ ಒಬ್ಬಳೇ ಅತ್ತಳು. ಬಸುರಿಯರು ಸುಮ್ಮಸುಮ್ಮನೆ ಅಳುತ್ತಾರೆಂದುಕೊಂಡು ಶೇಷಗಿರಿ ಪೇಪರು ಓದಿದ.

ಈಗ ವೇದವತಮ್ಮ ಸ್ಟೀಲಿನ ಡಬರಿಯಲ್ಲಿ ತಣ್ಣೀರು ತಂದು ಬಟ್ಟೆ ಅದ್ದಿ ಮಗುವಿನ ಹಣೆಗೆ ಒತ್ತುತ್ತಿದ್ದರು. ಹೋದ ವರ್ಷ ತುಂಗಾ ಅಣ್ಣನ ಮನೆಗೆ ಹೋಗಿದ್ದಾಗ, ಪೆಟ್ಟಿಗೆಯಲ್ಲಿದ್ದ ಹಳೆ ಬಟ್ಟೆಯ ಗಂಟನ್ನು ಬಿಚ್ಚದೆ ಹಾಗೇ ಪಾತ್ರೆಯವಳಿಗೆ ಕೊಟ್ಟು ತೆಗೆದುಕೊಂಡ ಡಬರಿ. ತುಂಗಾ ಅದನ್ನು ಮುಟ್ಟುತ್ತಿರಲಿಲ್ಲ. ಯಾಕೆಂದು ಶೇಷಗಿರಿ ಕೇಳಿರಲಿಲ್ಲ.

ಅವನು ಕೌದಿ ಸುತ್ತಿ ಬಗಲಿಗಿಟ್ಟ. "ಒಗೆಸ್ಕೊಂಡು ಬರ್ತೀನಿ."

"ಹುಷಾರು ಕಣ್ರೀ. ಕಲ್ಲಿಗೆ ಬಡಿಸ್ಬೇಡಿ, ತಡೆಯಲ್ಲ ಅದು" ಎಂದಳು ತುಂಗಾ.

ಕೆರೆಯಾಚೆಯ ಸ್ಮಶಾನ ಕಾಯುವ ಲಕ್ಕಣ್ಣ ಬೇಲಿ ಕಟ್ಟುತ್ತಿದ್ದ. ಶೇಷಗಿರಿ ಕೌದಿಯ ಮೂಲೆ ಬಿಡಿಸಿ ಅವನ ಮುಖಕ್ಕೆ ಹಿಡಿದ. "ನನ್ನ ಮಗನ ಮೈಮೇಲಿದ್ದ ಬಟ್ಟೆ. ಎಷ್ಟಕ್ಕೆ ಮಾರ್ದೆ?"

ಲಕ್ಕಣ್ಣ ದಂಗಾದ. "ಊತ ಮಗೀನ ಬಟ್ಟೆ ಮುಟ್ಟಿದ್ರೆ ನನ್ ಕೈಗೆ ಉಳ ಬೀಳ್ಲಿ ಸ್ವಾಮಿ. ಅದು ಅಲ್ಲೇ ಐತೆ, ನೀವ್ ಮಣ್ಣಾಕಿದ್ ಕಡೆನೇ ಐತೆ."

ಸಿಕ್ಕಿಬಿದ್ದವರೆಲ್ಲ ಹೀಗೇ ಆಣೆ ಹಾಕುತ್ತಾರೆ ಎಂದುಕೊಂಡ ಶೇಷಗಿರಿ. ಬೈಯಲೂ ಶಕ್ತಿಯಿರಲಿಲ್ಲ. ಇದ್ದದ್ದು ಒಂದೇ ಹೆದರಿಕೆ: ಹೋದವನು ತಮ್ಮನನ್ನು ಕರೆಯುತ್ತಿದ್ದಾನೆ. ಒಣಗಿದ ಮುಳ್ಳು ರಾಶಿ ಹಾಕಿ, ಕೌದಿಯನ್ನು ಅದರ ಮೇಲಿಟ್ಟು, ಕಡ್ಡಿ ಗೀರಿದ. ಹಳೆ ಬಟ್ಟೆ, ಬೇಗ ಹತ್ತಿಕೊಂಡಿತು. ಬಾತುಕೋಳಿಗಳು ಕೊನೆಗೆ ಸುಟ್ಟವು. "ಬಿಟ್ಟುಬಿಡಪ್ಪಾ, ಇವನನ್ನಾದ್ರೂ ನಮಗೆ ಬಿಡು" ಎಂದು ಬೂದಿಗೆ ಕೈಮುಗಿದು ಗೋಳೋ ಎಂದು ಅತ್ತ.

ಮನೆಗೆ ಬಂದಾಗ ಮಗು ತುಂಗಾಳ ತೊಡೆಯ ಮೇಲೆ ಹಾಯಾಗಿ ನಿದ್ದೆ ಹೋಗಿತ್ತು. ಶೇಷಗಿರಿ ಹಣೆ ಮುಟ್ಟಿದ. ತಣ್ಣಗಿತ್ತು.

"ನೀವು ಆ ಕಡೆ ಹೋಗ್ತಿದ್ದ ಹಾಗೇ ಬೆವತು ಜ್ವರ ಬಿಡ್ತು" ಎಂದಳು ತುಂಗಾ. "ಕೌದಿ ಕೊಡಿ, ಮಲಗಿಸ್ತೀನಿ."

"ಸುಟ್ಟುಬಿಟ್ಟೆ ತುಂಗಾ." ಅವನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ: ಸಂತೆ, ಸುಳ್ಳು, ಬಾತುಕೋಳಿ, ಲಕ್ಕಣ್ಣ. "ಮಣ್ಣಲ್ಲಿಟ್ಟ ಅಂಗಿ ಕಣೇ ಅದು!"

ತುಂಗಾ ಮಗುವಿನ ತಲೆಯ ಕೆಳಗೆ ತನ್ನ ಅಂಗೈ ಇಟ್ಟಳು.

"ಅವನಿಗೆ ಎರಡು ಅಂಗಿ ಹೊಲಿದಿದ್ದೆ ಕಣ್ರೀ. ಒಂದು ಅವನ ಜೊತೆ ಹೋಯ್ತು. ಇನ್ನೊಂದನ್ನ ನಿಮ್ಮ ಷರಟು, ನನ್ನ ಸೀರೆ ಜೊತೆ ಸೇರಿಸಿ, ನೀವು ಆಫೀಸಿಗೆ ಹೋದ್ಮೇಲೆ ದಿನಾ ಕೂತು ಕೌದಿ ಮಾಡಿ, ಪೆಟ್ಟಿಗೇಲಿ ಗಂಟು ಕಟ್ಟಿಟ್ಟಿದ್ದೆ. ಅತ್ತೆ ಪಾತ್ರೆಯವಳಿಗೆ ಕೊಟ್ಟಿದ್ದನ್ನ ನೀವು ಊರೆಲ್ಲ ಹುಡುಕಿ ನನಗೆ ತಂದುಕೊಟ್ರಿ ಅಂದ್ಕೊಂಡಿದ್ದೆ."