ಚಿಲುಮೆ ಕಾಯುವ ಬಾಬಾ

ಸಮಾಧಿಯ ಸುತ್ತ ಮೂರು ಸುತ್ತು ಬಂದರೂ ಒಳಗೆ ಯಾರು ಮಲಗಿದ್ದಾರೆಂಬುದು ತುರ್ದುಬೇಕ್ ಮುಲ್ಲಾಗೆ ಗೊತ್ತಾಗಲಿಲ್ಲ. ಕಲ್ಲಿನ ಗುಪ್ಪೆ, ಬಿಳಿ ಬಟ್ಟೆ ಕಟ್ಟಿದ ಎರಡು ಕೋಲು, ಇದ್ದಿಲಲ್ಲಿ ‘ಬುಲಾಕ್-ಅತಾ’, ಅಂದರೆ ಚಿಲುಮೆಯ ಬಾಬಾ, ಎಂದು ಬರೆದ ಹಲಗೆ. ಈ ಹೆಸರಿನ ಸಂತರು ಅವನ ಯಾವ ಕಿತಾಬಿನಲ್ಲೂ ಇರಲಿಲ್ಲ. ಕೆಡವಿಯೇ ಬಿಡೋಣವೆಂದು ಹಾರೆ ತಂದಿದ್ದ.

“ಇದನ್ನ ಕಟ್ಟಿದ್ದು ನೀವೇ ಅಲ್ವಾ, ಟೀಚರಮ್ಮ?”

ನೀರು ಸಮಿತಿಯ ಅಧ್ಯಕ್ಷೆ ಸಾಲ್ಕಿನಾಯ್ ಬಂಡೆಯ ಮೇಲೆ ಕೂತು ಸೂರ್ಯಕಾಂತಿ ಬೀಜ ಕಡಿಯುತ್ತಿದ್ದಳು. ಮುಲ್ಲಾಗೆ ಅಕ್ಷರ ಕಲಿಸಿದವಳು ಅವಳೇ.

“ಏಳನೇ ಕ್ಲಾಸಲ್ಲಿ ನಕಲು ಹೊಡೆದು ಸಿಕ್ಕಿಬಿದ್ದಾಗ್ಲೂ ನೀನು ಪಕ್ಕದವನ ಕಡೆನೇ ಬೆರಳು ತೋರ್ಸಿದ್ದೆ, ತುರ್ದು. ಹೋಗ್ಲಿ ಬಿಡು. ಒಳ್ಳೆ ಕೆಲಸ ಯಾರು ಮಾಡಿದ್ರೂ ನಾನು ಬಾಯಿ ಬಿಡಲ್ಲ.”

ಹೋದ ವರ್ಷ ಕಾಲುವೆ ನೀರು ಕುಡಿದು ಅರ್ಧ ಶಾಲೆ ಕಾಮಾಲೆಯಿಂದ ಹಳದಿಯಾಗಿತ್ತು. ಸಾಲ್ಕಿನಾಯಳ ಮೊಮ್ಮಗಳು ಬದುಕಿದ್ದೇ ಹೆಚ್ಚು. ಆಮೇಲೆ ಈ ಚಿಲುಮೆಯಿಂದ ಊರಿಗೆ ನಲ್ಲಿ ಬಂತು. ಚಿಲುಮೆಗೆ ಹಸುಗಳು ಬಂದವು. ಬೇಲಿ ಹಾಕಿದರೆ ಮೂರು ದಿನ; ನಾಲ್ಕನೆಯ ದಿನ ಅದೇ ತಂತಿ ಊರಿನ ಕೋಳಿಗೂಡುಗಳಲ್ಲಿ. ಎರಡು ಸಲ ಪರೀಕ್ಷೆಯಲ್ಲಿ ನೀರು ಫೇಲಾಯಿತು. ಮೂರನೆಯ ಸಲವೂ ಆದರೆ ಚಿಲುಮೆಗೆ ಬೀಗ, ಮಕ್ಕಳಿಗೆ ಮತ್ತೆ ಕಾಲುವೆ.

ಅಷ್ಟರಲ್ಲಿ ಒಂದು ಭಾನುವಾರ ಊರಿಗೆ ಊರೇ ಪಕ್ಕದ ಕಣಿವೆಯ ಕುದುರೆ ಪಂದ್ಯಕ್ಕೆ ಹೋಯಿತು. ಮೊಣಕಾಲು ನೋವೆಂದು ಸಾಲ್ಕಿನಾಯ್, ಜೂಜೆಂದು ಮುಲ್ಲಾ, ಇಬ್ಬರೇ ಊರಲ್ಲಿ ಉಳಿದರು. ಸಂಜೆ ಜನ ಮರಳಿದಾಗ ಚಿಲುಮೆಯ ಬಾಗಿಲಿಗೆ ಎರಡನೆಯ ಸೋಲಿನ ನೋಟೀಸು ಅಂಟಿತ್ತು. ಹತ್ತು ಹೆಜ್ಜೆ ಆಚೆ ಸಮಾಧಿ ಎದ್ದಿತ್ತು. ನೋಟೀಸಿನ ಕಡೆ ಯಾರು ನೋಡುತ್ತಾರೆ?

ವಾರದೊಳಗೆ ಮುದುಕರಿಗೆ ಎಲ್ಲವೂ ನೆನಪಾಯಿತು. ಒಬ್ಬನ ಅಜ್ಜನ ಕೆಮ್ಮನ್ನು ಈ ಬಾಬಾ ವಾಸಿ ಮಾಡಿದ್ದರಂತೆ. ಇನ್ನೊಬ್ಬನ ಹೆಂಡತಿಯ ಕನಸಿನಲ್ಲಿ ಬಂದು, ಇಲ್ಲಿ ಸಗಣಿ ಹಾಕಿದ ಹಸುವಿನ ಕೆಚ್ಚಲು ಒಣಗುತ್ತದೆ ಎಂದರಂತೆ. ಹಸುಗಳು ಮಾಯವಾದವು. ಕೋಳಿಗೂಡಿನ ತಂತಿ ತಾನಾಗಿ ವಾಪಸು ಬಂತು. ಮೂರನೆಯ ಸಲದ ನೀರು ಬಾಟಲಿಯಲ್ಲಿ ಜಿಲ್ಲೆಗೆ ಹೋಯಿತು.

“ಇಲ್ಲದ ಸಂತನ ಹತ್ರ ಬೇಡ್ಕೊಳ್ಳೋದು ಪಾಪ,” ಎಂದು ಮುಲ್ಲಾ ಹಾರೆ ಎತ್ತಿದ.

“ಪಾಪ ನನ್ನ ತಲೆ ಮೇಲಿರ್ಲಿ. ಮಕ್ಕಳ ಹೊಟ್ಟೆಗೆ ಸಗಣಿ ಬೇಡ.”

ಆಗಲೇ ಜೀಪು ಬಂತು. ಜಿಲ್ಲೆಯ ನೀರು ಪರೀಕ್ಷಕ ಮೆಲಿಸ್. ಮಾರ್ಕ್ಸ್, ಎಂಗೆಲ್ಸ್, ಲೆನಿನ್, ಸ್ಟಾಲಿನ್, ನಾಲ್ವರ ಮೊದಲಕ್ಷರ ಸೇರಿಸಿ ಅಪ್ಪ ಇಟ್ಟ ಹೆಸರು. ಮಗ ಅದಕ್ಕೆ ತಕ್ಕಂತೆಯೇ ಬೆಳೆದಿದ್ದ. ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ಬೀಗ. ನಾಸ್ತಿಕನೊಬ್ಬನನ್ನು ಕಂಡು ಮುಲ್ಲಾಗೆ ಸಂತೋಷವಾದದ್ದು ಅದೇ ಮೊದಲು.

“ಸಾಹೇಬ್ರೆ, ನೀವು ಓದಿದೋರು. ಇದರೊಳಗೆ ಯಾರೂ ಇಲ್ಲ ಅಂತ ಇವರಿಗೆ ನೀವಾದ್ರೂ ಹೇಳಿ.”

ಮೆಲಿಸ್ ವಾಲಿದ್ದ ಕೋಲೊಂದನ್ನು ನೆಟ್ಟಗೆ ಮಾಡಿದ.

“ನಾನು ದೇವರನ್ನೇ ನಂಬೋನಲ್ಲ, ಮುಲ್ಲಾ ಅವ್ರೆ. ಆದ್ರೆ ಅಗೆದಾಗ ಯಾರಾದ್ರೂ ಸಿಕ್ಕಿಬಿಟ್ರೆ? ಊರೋರಿಗೆ ಏನಂತ ಹೇಳ್ತೀರಿ?”

ಹಾರೆ ಕೆಳಗಿಳಿಯಿತು. ಮೆಲಿಸ್ ಕಾಗದ ಕೊಟ್ಟ. ನೀರು ಶುದ್ಧ. ಬೀಗ ಜೀಪಿಗೆ ವಾಪಸು ಹೋಯಿತು. ಸಾಲ್ಕಿನಾಯ್ ಎರಡು ಸಲ ಓದಿ, ಕಣ್ಣೊರೆಸಿಕೊಂಡು, ಮುಲ್ಲಾನ ಕಿವಿಯ ಹತ್ತಿರ ಬಾಗಿದಳು.

“ನಿನ್ನ ಗುಟ್ಟು ನನ್ನ ಹತ್ರ ಭದ್ರ, ತುರ್ದು.”

“ನನ್ನ ಗುಟ್ಟಾ? ನಿಮ್ದಲ್ವಾ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಸಮಾಧಿಯನ್ನು ನೋಡಿದರು. ಮುಲ್ಲಾ ಮೆಲ್ಲಗೆ ಹಾರೆಯನ್ನು ಬೆನ್ನ ಹಿಂದೆ ಸರಿಸಿದ.

ಜೀಪು ಗುಡ್ಡ ದಾಟುವಾಗ ಮಧ್ಯಾಹ್ನವಾಗಿತ್ತು. ಆಚೆಯ ಊರು ಶುಕ್ರವಾರದ ನಮಾಜಿಗೆ ಹೋಗಿತ್ತು. ಅಲ್ಲಿನ ಚಿಲುಮೆಯಲ್ಲಿ ಮೂರು ಹಸು ನಿಂತಿದ್ದವು. ಮೆಲಿಸ್ ಜೀಪಿನ ಹಿಂದಿನಿಂದ ಎರಡು ಕೋಲು, ಬಿಳಿ ಬಟ್ಟೆಯ ಗಂಟು, ಒಂದು ಹಲಗೆ ಇಳಿಸಿ, ಇದ್ದಿಲು ಹಿಡಿದು ಕೂತ.

ಹನ್ನೆರಡನೆಯ ಸಂತರಿಗೆ ಇಡಲು ಅವನಿಗೆ ಹೆಸರೇ ಹೊಳೆಯಲಿಲ್ಲ.